ಡಿ ಡ್ರೈವಿಗೆ ಏನೂ ಆಗುವುದಿಲ್ಲ

ಅಪ್ಪನ ಕಂಪ್ಯೂಟರ್ ಕೆಟ್ಟಾಗ ರಿಪೇರಿಯವರನ್ನು ಕರೆಸೋಣ ಎಂದು ಅವರೇ ಹೇಳಿದ್ದರು. ಬೇಡ ಎಂದವಳು ನಾನು. ಮದುವೆಗೆ ಮುಂಚೆ ಮೆಹದಿಪಟ್ಟಣಂನ ಒಂದು ಟ್ರೈನಿಂಗ್ ಸೆಂಟರಿನಲ್ಲಿ ನಾಲ್ಕು ವರ್ಷ ಪಾಠ ಹೇಳಿದ್ದೆ. ವಿಂಡೋಸ್ ಅಳಿಸಿ ಮತ್ತೆ ಹಾಕುವುದು ಆಗ ನನಗೆ ನೀರು ಕುಡಿದಷ್ಟು ಸಲೀಸು. ಇಪ್ಪತ್ತು ವರ್ಷ ಕಳೆದಿದ್ದರೂ ಆ ಜಂಬ ಮಾತ್ರ ಇಳಿದಿರಲಿಲ್ಲ. ಮನೆಯಲ್ಲಿ ಯಾರದೇ ಫೋನು ಸ್ವಲ್ಪ ನಿಧಾನವಾದರೂ ಕಸಿದುಕೊಂಡು ಬುದ್ಧಿ ಹೇಳುವವರ ಪೈಕಿ ನಾನು.

ಅವ್ವ ತೀರಿಕೊಂಡ ಮೇಲೆ ಅಪ್ಪ ನಾಚಾರಂನ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದರು. ತಂದದ್ದು ಎರಡು ಸೂಟ್‌ಕೇಸು ಮತ್ತು ಆ ಕಂಪ್ಯೂಟರ್. ಸೂಟ್‌ಕೇಸುಗಳು ಆಟೋದ ಹಿಂಭಾಗದಲ್ಲಿದ್ದವು, ಕಂಪ್ಯೂಟರಿನ ಡಬ್ಬ ಅವರ ತೊಡೆಯ ಮೇಲಿತ್ತು. ಹೊಸದು ಕೊಡಿಸುತ್ತೇನೆಂದರೆ ಒಪ್ಪುತ್ತಿರಲಿಲ್ಲ. ಅವರು ಕಲಿತ ಕನ್ನಡ ಟೈಪಿಂಗಿನ ತಂತ್ರಾಂಶ ಆ ಹಳೆಯ ವಿಂಡೋಸಿನಲ್ಲಿ ಬಿಟ್ಟರೆ ಬೇರೆಲ್ಲೂ ಓಡುತ್ತಿರಲಿಲ್ಲ.

ಅದರಲ್ಲಿ ಇದ್ದದ್ದು ಅವ್ವನ ಮಾತು. ಅವಳು ಹಾಸಿಗೆ ಹಿಡಿದ ಎರಡು ವರ್ಷ, ದಿನವಿಡೀ ಏನೇನು ಅಂದಳೋ ಅದನ್ನೆಲ್ಲ ಅಪ್ಪ ಸಂಜೆ ಕೂತು ಟೈಪ್ ಮಾಡಿಡುತ್ತಿದ್ದರು. ದಿನಕ್ಕೊಂದು ಫೈಲು, ತಾರೀಖೇ ಅದರ ಹೆಸರು. ಘನವಾದ ಮಾತುಗಳೇನೂ ಅಲ್ಲ ಎಂದು ಒಮ್ಮೆ ಮಾತ್ರ ಒಂದೆರಡನ್ನು ಅಪ್ಪನೇ ಹೇಳಿದ್ದರು. ಹೊತ್ತಿದ ರೊಟ್ಟಿಯ ಅಂಚೇ ಬೇಕು ಅಂದದ್ದು, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸಿ ಇವತ್ತು ಬೇಳೆ ಬೆಂದಿರಲಿಕ್ಕಿಲ್ಲ ಅಂದದ್ದು, ಅಂಥವು. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಅಪ್ಪ ಅದರಲ್ಲಿ ಒಂದನ್ನು ತೆರೆಯುತ್ತಿದ್ದರು. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ ಓದುತ್ತಿದ್ದರು. ಕೆಲವು ದಿನ ಒಬ್ಬರೇ ನಗುತ್ತಿದ್ದರು. ನನಗೂ ಓದಿ ಹೇಳಿ ಎಂದರೆ "ಅದು ನಮ್ಮಿಬ್ಬರದು, ನೀ ಚಾ ಮಾಡು ಹೋಗು" ಅನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎನ್ನಲು ನಾಚಿಕೆಯೇನಿಲ್ಲ.

ಅಪ್ಪ ಮೂವತ್ತನಾಲ್ಕು ವರ್ಷ ದುಡಿದದ್ದು ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ. ಒಂದು ಚೂರು ಕಾಗದವೂ ಗೇಟು ದಾಟದ ಜಾಗ ಅದು. ರಾಯಚೂರಿನಿಂದ ಬಂದಾಗ ಹೇಗಿದ್ದರೋ ಗೊತ್ತಿಲ್ಲ, ನಾನು ಕಂಡ ಅಪ್ಪ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವರು. ಪೆನ್‌ಡ್ರೈವ್ ಕಂಡರೆ ಹಾವು ಕಂಡಂತೆ ಆಡುತ್ತಿದ್ದರು. ಅವ್ವನ ಮಾತನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ ಎಂದು ನಾನೇ ಎರಡು ಸಲ ಹೇಳಿದ್ದೆ. "ಎರಡು ಕಡೆ ಇಟ್ಟರ ಎರಡು ಕಡೆ ಸೋರತೈತಿ" ಎಂದು ಬಾಯಿ ಮುಚ್ಚಿಸಿದ್ದರು.

ಒಂದು ಬೆಳಿಗ್ಗೆ ಕಪ್ಪು ಪರದೆಯ ಮೇಲೆ, ಯಾವುದೋ ಮುಖ್ಯವಾದ ಫೈಲು ಕಾಣುತ್ತಿಲ್ಲ ಎಂಬ ಸಾಲು ಬಂದು ನಿಂತಿತು. ನಾನು ಅಟ್ಟದಿಂದ ನನ್ನ ಹಳೆಯ ವಿಂಡೋಸ್ ಸಿ.ಡಿ. ತೆಗೆದು, ಸೆರಗು ಸಿಕ್ಕಿಸಿ ಕೂತೆ. ಮೊದಲು ಹಾರ್ಡ್ ಡಿಸ್ಕೇ ಇಲ್ಲ ಎಂದಿತು. ಒಳಗಿನ ಚಿಕ್ಕ ಬ್ಯಾಟರಿ ಸತ್ತು ಸೆಟ್ಟಿಂಗ್ ಬದಲಾಗಿತ್ತು, ಸರಿ ಮಾಡಿದೆ. ಆಮೇಲೆ ಇದ್ದದ್ದನ್ನೇ ರಿಪೇರಿ ಮಾಡಲೋ, ಹೊಸದಾಗಿ ಹಾಕಲೋ ಎಂದು ಕೇಳಿತು. ರಿಪೇರಿ ಎಂದೆ. ಇನ್ನು ಮೂವತ್ತನಾಲ್ಕು ನಿಮಿಷ ಎಂದು ತೋರಿಸಿ ಅಲ್ಲೇ ಕಲ್ಲಾಗಿ ಕೂತಿತು. ಒಂದು ಗಂಟೆ ಕಾದು, ಬಟನ್ ಒತ್ತಿ ಆರಿಸಿ ಮತ್ತೆ ಶುರು ಮಾಡಿದೆ. ಮತ್ತೆ ಅದೇ ಮೂವತ್ತನಾಲ್ಕು. ಮಧ್ಯಾಹ್ನದ ಊಟ ತಪ್ಪಿತ್ತು, ತಲೆ ಕೆಟ್ಟಿತ್ತು. ಅಪ್ಪ ಹಿಂದಿನ ಕುರ್ಚಿಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಕೂತವರಂತೆ ಕೈಕಟ್ಟಿ ಕೂತಿದ್ದರು.

ಮೂರನೆಯ ಸಲ ಹೊಸದಾಗಿ ಹಾಕು ಎಂದುಬಿಟ್ಟೆ. ಸಿ ಡ್ರೈವ್ ಪೂರ್ತಿ ಅಳಿಸುತ್ತೇನೆ, ಖಂಡಿತವೇ ಎಂದು ಕೇಳಿತು.

"ನಂದೇನರ ಹೋಗತೈತೇನು?" ಎಂದರು ಅಪ್ಪ.

"ನಿಮ್ಮದೆಲ್ಲ ಡಿ ಒಳಗ ಐತ್ರಿ ಅಪ್ಪ. ನಾ ಸಿ ಅಷ್ಟ ಒರಸಾಕತ್ತೀನಿ. ಡಿಗೆ ಏನೂ ಆಗಂಗಿಲ್ಲ."

ಸಿ ವಿಂಡೋಸಿನದು, ಡಿ ನಮ್ಮದು. ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಯವರಿಂದ ಹಿಡಿದು ನನ್ನಂಥ ಮಾಸ್ತರಿಣಿಯರವರೆಗೆ ಈ ಊರಲ್ಲಿ ಎಲ್ಲರೂ ಹೇಳಿಕೊಟ್ಟದ್ದು ಅದನ್ನೇ. ನಾನೇ ನೂರಾರು ಹುಡುಗಿಯರಿಗೆ ಬೋರ್ಡಿನ ಮೇಲೆ ಎರಡು ಪೆಟ್ಟಿಗೆ ಬರೆದು ತೋರಿಸಿದ್ದೆ.

ಹೊಸದೂ ಅದೇ ಜಾಗಕ್ಕೆ ಬಂದು ನಿಂತಾಗ ಸಿ.ಡಿ. ಹೊರತೆಗೆದು ಬೆಳಕಿಗೆ ಹಿಡಿದೆ. ತುಂಬ ಗೀರುಗಳಿದ್ದವು. ಬೆರಳ ತುದಿಯಲ್ಲಿ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ, ಹಳೆಯ ಬನಿಯನ್ನಿನಿಂದ ಒರೆಸಿ ಹಾಕಿದೆ. ಸರಸರ ಓಡಿತು. ಬೆಳಿಗ್ಗೆಯೇ ಒರೆಸಿದ್ದರೆ ರಿಪೇರಿಯಲ್ಲೇ ಮುಗಿಯುತ್ತಿತ್ತು. ಆ ಕ್ಷಣ ನನಗೆ ಹಾಗನ್ನಿಸಲೂ ಇಲ್ಲ, ಗೆದ್ದೆ ಎಂದು ಎದ್ದು ಮೈಮುರಿದೆ.

ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಕೊಟ್ಟು ಅಪ್ಪನ ಖಾತೆ ಮಾಡಿದೆ. ಪಾಸ್‌ವರ್ಡ್ ಕೇಳಿದಾಗ ಅವರು ಸ್ವಲ್ಪ ತಡವರಿಸಿದರು. ನಮ್ಮ ಮನೆಗೆ ಬಂದ ಹೊಸದರಲ್ಲಿ, ದಿನಾ ಟೈಪ್ ಮಾಡುವ ಕಾಟ ಬೇಡವೆಂದು ನಾನೇ ಅದು ಕೇಳದ ಹಾಗೆ ಮಾಡಿಕೊಟ್ಟಿದ್ದೆ. ಆಮೇಲೆ ಡಿ ತೆರೆದೆ. ಎಲ್ಲ ಫೈಲುಗಳೂ ಇದ್ದವು. ತಾರೀಖಿನ ಮೇಲೆ ತಾರೀಖು, ಒಂದೂ ಬಿಟ್ಟಿರಲಿಲ್ಲ. ಆದರೆ ಹೆಸರುಗಳೆಲ್ಲ ಹಸಿರು ಅಕ್ಷರದಲ್ಲಿದ್ದವು. ಒಂದನ್ನು ಒತ್ತಿದೆ. ಪ್ರವೇಶವಿಲ್ಲ ಎಂದಿತು. ಇನ್ನೊಂದು, ಮತ್ತೊಂದು, ಕೊನೆಯದು. ಎಲ್ಲಕ್ಕೂ ಅದೇ ಉತ್ತರ.

"ಅವಕ್ಕ ನಾ ಕೀಲಿ ಹಾಕೀನಿ" ಎಂದರು ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ. ಕಾರ್ಖಾನೆಯ ಆಫೀಸಿನಲ್ಲಿ ಕಲಿತದ್ದಂತೆ. ಫೋಲ್ಡರಿನ ಪ್ರಾಪರ್ಟೀಸಿನಲ್ಲಿ ಒಂದು ಗುರುತು ಹಾಕಿದರೆ ಆಯಿತು, ಬೇರೆಯವರು ಬಂದರೆ ತೆರೆಯುವುದಿಲ್ಲ, ತಾವು ಬಂದರೆ ತಾನೇ ತೆರೆಯುತ್ತದೆ.

"ಹಂಗಾರ ಪಾಸ್‌ವರ್ಡ್ ಬ್ಯಾರೆ ಇರಬೇಕ್ರಿ. ನೆನಪ ಮಾಡ್ಕೋರಿ" ಎಂದೆ. ಅವತ್ತು ನಾನು ಅದನ್ನು ನಂಬಿಯೇ ಹೇಳಿದ್ದು.

ಮರುದಿನ ಡಬ್ಬವನ್ನು ಹೊತ್ತು ಸಿಕಂದರಾಬಾದಿನ ಒಂದು ಗಲ್ಲಿಗೆ ಹೋದೆ. ಅಲ್ಲಿ ಅಳಿದ ಡೇಟಾ ತೆಗೆದುಕೊಡುವ, ನನ್ನಪ್ಪನ ವಯಸ್ಸಿನ ಒಬ್ಬರಿದ್ದರು. ಅರ್ಧ ಗಂಟೆ ನೋಡಿ, ಕನ್ನಡಕ ತೆಗೆದು ಹೇಳಿದರು: "ಸಂದೂಕ್ ಹೈ ಮೇಡಂ, ಮಾಲ್ ಭೀ ಹೈ. ಚಾವಿ ಆಪೀಚ್ ಜಲಾ ದಿಯೇ." ಪೆಟ್ಟಿಗೆ ಇದೆ, ಸಾಮಾನೂ ಇದೆ, ಕೀಲಿಕೈಯನ್ನು ನೀವೇ ಸುಟ್ಟಿರಿ ಎಂದು. ಕೀಲಿ ಇದ್ದದ್ದು ಸಿ ಡ್ರೈವಿನಲ್ಲಿ, ಅಪ್ಪನ ಹಳೆಯ ಖಾತೆಯೊಳಗೆ. ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಈಗಿನದು ಬೇರೆ ಖಾತೆ. ಆ ಹಳೆಯ ಖಾತೆಯ ಮೇಲೆ ಹೊಸ ವಿಂಡೋಸ್ ಬರೆದಾಗಿತ್ತು, ಕೆದಕಿದರೂ ಏನೂ ಸಿಗಲಿಲ್ಲ. ಇನ್ನೂ ಇಬ್ಬರಿಗೆ ತೋರಿಸಿದೆ, ಅವರೂ ಅದನ್ನೇ ಹೇಳಿದರು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. "ಪಾಸ್‌ವರ್ಡ್ ಬೇಕಂತಾರ?" ಎಂದರು. ನಾನು ಹೂಂ ಎಂದೆ. ಅಷ್ಟೇ. ನಾಳೆ ಹೇಳಿದರಾಯಿತು ಎಂದುಕೊಂಡೆ, ಆ ನಾಳೆ ಮೂರು ವಾರ ಬರಲಿಲ್ಲ. ಇಷ್ಟು ಹೇಡಿ ನಾನೆಂದು ನನಗೆ ಗೊತ್ತಿರಲಿಲ್ಲ.

ಆ ಮೂರು ವಾರ ಅಪ್ಪ ಕ್ಯಾಲೆಂಡರಿನ ಹಾಳೆಯ ಹಿಂದೆ ಪಾಸ್‌ವರ್ಡುಗಳ ಪಟ್ಟಿ ಮಾಡಿದರು. ಕಾರ್ಖಾನೆಯ ಟೋಕನ್ ನಂಬರು, ಮೊದಲ ಸ್ಕೂಟರಿನ ನಂಬರು, ಅವ್ವನ ತವರಿನ ಹೆಸರು. ದಿನಾ ಸ್ನಾನ, ಪೂಜೆ ಮುಗಿಸಿ ಒಂದೊಂದು ಹೇಳುವರು, ನಾನು ಖಾತೆಯ ಪಾಸ್‌ವರ್ಡನ್ನು ಅದಕ್ಕೆ ಬದಲಿಸಿದಂತೆ ಮಾಡುವೆನು, ಕಂಪ್ಯೂಟರ್ ಪ್ರವೇಶವಿಲ್ಲ ಎನ್ನುವುದು. "ಇದೂ ಅಲ್ಲ" ಎಂದು ಅವರು ಪೆನ್ನಿನಿಂದ ಗೆರೆ ಎಳೆಯುವರು. ಆ ಗೆರೆಗಳನ್ನು ದಿನಾ ನೋಡಿದರೂ ನಾನು ಬಾಯಿ ಬಿಡಲಿಲ್ಲ.

ಎರಡನೆಯ ವಾರದಿಂದ ಅವರು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳತೊಡಗಿದರು. ಪಡಸಾಲೆಯಲ್ಲಿ ಓಡಾಡುತ್ತಾ ಹತ್ತೊಂಬತ್ತರ ಮಗ್ಗಿ ಒಪ್ಪಿಸುವರು. ಗ್ಯಾಸ್ ಆರಿಸಿದ್ದೇನೆಯೇ ಎಂದು ಎದ್ದೆದ್ದು ಹೋಗಿ ನೋಡುವರು. ಫೋನಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರಿಗೆ, "ಭಾಳ ಮರವು ಆಗಾಕತ್ತೈತ್ರಿ. ಅಕಿ ಸಲುವಾಗಿ ಹಾಕಿದ ಕೀಲಿ, ಅದನ್ನ ಮರತೀನಿ" ಎನ್ನುವುದು ನನ್ನ ಕಿವಿಗೆ ಬಿತ್ತು. ಸಂಜೆ ವಾಕಿಂಗ್ ಹೋಗುವುದನ್ನು ಬಿಟ್ಟರು.

ಒಂದು ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಿದ್ದಾಗ ಒಂದು ಚೀಟಿ ಮತ್ತು ಪೆನ್ನು ಹಿಡಿದು ಬಂದರು.

"ಇದರ ಮ್ಯಾಲ ನಮ್ಮ ಮನಿ ಅಡ್ರೆಸ್ ಬರದು ಕೊಡವ್ವಾ. ತೆಲುಗಿನ್ಯಾಗ ಬರಿ, ಮಂದಿಗೆ ಓದಾಕ ಬರಲಿ. ಹೊರಗ ಹೋದಾಗ ಕಿಸೆದಾಗ ಇಟ್ಕೋತೀನಿ. ದಾರಿ ಮರತರ ಏನ ಮಾಡೂದು?"

ಪೆನ್ನು ತೆಗೆದುಕೊಂಡೆ. ಬರೆಯದೆ ಕೆಳಗಿಟ್ಟೆ. ಅಲ್ಲೇ ನೆಲದ ಮೇಲೆ ಕೂತು, ಸೊಪ್ಪಿನ ಮಣ್ಣು ಹತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಎಲ್ಲ ಹೇಳಿದೆ. ನೀವು ಯಾವ ಪಾಸ್‌ವರ್ಡೂ ಮರೆತಿಲ್ಲ, ಮೊದಲ ದಿನ ಹೇಳಿದ್ದೇ ಸರಿ ಇದ್ದೀತು, ಕೀಲಿಯನ್ನು ಅಳಿಸಿದವಳು ನಾನು, ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದೆ ಎಂದೆ.

ಅಪ್ಪ ಬೈಯುತ್ತಾರೆಂದು ತಲೆ ತಗ್ಗಿಸಿ ಕೂತಿದ್ದೆ. ಅವರು ಸ್ಟೂಲು ಎಳೆದುಕೊಂಡು ನನ್ನೆದುರು ಕೂತರು.

"ಹಂಗಾರ ನನ್ನ ತಲಿ ನೆಟ್ಟಗ ಐತಿ?"

"ಐತ್ರಿ ಅಪ್ಪ."

ಅವರ ಮುಖ ಅರಳಿತು. ಮೂರು ವಾರದಲ್ಲಿ ಅದೇ ಮೊದಲು. ನಿಜವಾಗಿಯೂ ನಕ್ಕರು, ನನ್ನ ತಲೆಯ ಮೇಲೆ ಕೈ ಆಡಿಸಿದರು. "ಹುಚ್ಚಿ, ಮದಲ ಹೇಳಬಾರದಾ? ನಾ ಹೆದರಿ ಸತ್ತಿದ್ದೆ. ಚಾ ಮಾಡು, ಇಬ್ಬರೂ ಕುಡಿಯೂಣು" ಎಂದರು. ನನ್ನ ಜೀವವೂ ತಿರುಗಿ ಬಂದಂತಾಯಿತು.

ಚಹಾ ಅರ್ಧ ಕುಡಿದಿದ್ದರು. ಕಪ್ಪು ಕೆಳಗಿಟ್ಟರು.

"ಅಂದರ, ಅಕಿ ಅಂದಿದ್ದು ಒಂದೂ ಉಳಿದಿಲ್ಲ."

"ಇಲ್ರಿ ಅಪ್ಪ."

ಆಮೇಲೆ, ಸಾಲ ಕೇಳುವವರ ಸಂಕೋಚದಿಂದ ಕೇಳಿದರು: "ನೀ ಐತವಾರಕ್ಕೊಮ್ಮೆ ಬರತಿದ್ದೆಲ್ಲ ನಾಚಾರಂಗೆ. ನಿನ್ನ ಮುಂದ ಅಕಿ ಏನರ ಅಂದಿದ್ದು ನೆನಪೈತೇನು? ಒಂದು ಮಾತು ಸಾಕು, ಹೇಳು."

ನಾನು ನೆನಪಿಸಿಕೊಂಡೆ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಹೋಗಿ ಹಾಸಿಗೆಯ ಬಟ್ಟೆ ಬದಲಿಸಿದ್ದು, ಮಾತ್ರೆ ಬೇರೆಬೇರೆ ಮಾಡಿ ಡಬ್ಬಿಗೆ ತುಂಬಿದ್ದು, ಬಸ್ಸಿನ ಹೊತ್ತಾಯಿತೆಂದು ಗಡಿಯಾರ ನೋಡಿದ್ದು ಎಲ್ಲ ನೆನಪಿತ್ತು. ಅವ್ವ ಮಾತಾಡುತ್ತಲೇ ಇದ್ದಳು, ನಾನು ಹೂಂ, ಹೂಂ ಎನ್ನುತ್ತಿದ್ದೆ. ನನ್ನ ಮುಂದೆ ಅವಳು ಅಂದದ್ದು ಒಂದೂ ನೆನಪಾಗಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.