ಜೇಡನ ಮದುವೆಗೆ ಬಂದ ಮನೆ ಮಾಲಕಿ

ಮತ್ತೆ ಬಾಗಿಲು ಬಡಿದರು. ನಾನು ಜೇಡಗಳನ್ನು ಕೂಡಿಸಲು ಕೂತಾಗಲೇ ಕುಷಾಯಿಗೂಡದ ನಮ್ಮ ಓಣಿಗೆಲ್ಲ ನನ್ನ ನೆನಪಾಗುತ್ತದೆ. ಈ ಸಲ ಮನೆ ಮಾಲಕಿ ಶಾಂತಕ್ಕ. ನಾನು ಟರಾಂಟುಲಾ ಎಂಬ ದೊಡ್ಡ ಜೇಡಗಳನ್ನು ಸಾಕಿದ್ದೇನೆಂದು ಯಾರೋ ಚಾಡಿ ಹೇಳಿದ್ದರು. ಆಗಲೇ ಗಂಡನ್ನು ಹೆಣ್ಣಿನ ಡಬ್ಬಿಗೆ ಬಿಟ್ಟಿದ್ದೆ. ಕೂಡಿದ ಮೇಲೆ ಬೇಗ ತೆಗೆಯದಿದ್ದರೆ ಹೆಣ್ಣು ಅದನ್ನು ತಿಂದುಬಿಡುತ್ತದೆ. ಅವೆರಡನ್ನು ಬಿಡಿಸಲು ಕೈಯಲ್ಲಿ ರಟ್ಟು ಹಿಡಿದಿದ್ದ ನಾನು ಏಳಲಿಲ್ಲ. ಅವರೇ ಒಳಗೆ ಬಂದರು.

"ಸಣ್ಣ ಕೂಸು ಇರೋ ಮನ್ಯಾಗ ಇದೇನ ಹುಚ್ಚು? ಇದನ್ನ ಹೊರಗ ಹಾಕು, ಇಲ್ಲಾ ಮನಿ ಬಿಡು."

"ನಿಮ್ಮ ನಾಯಿ ನನ್ನ ಮಗಳನ್ನ ಎರಡು ಸಲ ಬೆನ್ನತ್ತೈತ್ರಿ. ಇದು ಮೂರು ವರ್ಷದಾಗ ಡಬ್ಬಿ ದಾಟಿಲ್ಲ. ಮೊದಲ ಯಾವುದನ್ನ ಹೊರಗ ಹಾಕೋಣ್ರಿ?"

ಶಾಂತಕ್ಕ ಡಬ್ಬಿಯೊಳಗೆ ಬಗ್ಗಿ ನೋಡಿದರು. ಅಷ್ಟರಲ್ಲಿ ಕೂಡುವುದು ಮುಗಿದು ಹೆಣ್ಣು ಗಂಡಿನ ಮೇಲೆ ಎಗರಿತು. ರಟ್ಟು ಅಡ್ಡ ಹಿಡಿದು ಗಂಡನ್ನು ಲೋಟದಲ್ಲಿ ಎತ್ತಿಕೊಂಡೆ. ಬದುಕಿತ್ತು. ಜೇಡದ ಕೆಲಸ, ಶಾಂತಕ್ಕನ ಜೊತೆಗಿನ ವಾದ, ಎರಡರಲ್ಲೂ ಗೆದ್ದೆ ಅಂದುಕೊಂಡೆ.

"ಮರಿನೂ ಹಿಂಗ ಒಂದನ್ನೊಂದು ತಿಂತಾವೇನು?"

"ಹೂಂರಿ. ಒಂದೊಂದಕ್ಕ ಬ್ಯಾರೆ ಡಬ್ಬಿ ಬೇಕು."

"ಎಷ್ಟು ಮರಿ ಆಗ್ತಾವ?"

"ನೂರಾರು."

ಅವರು ನನ್ನ ಎರಡು ಖೋಲಿಗಳ ಮೇಲೆ ನಿಧಾನವಾಗಿ ಕಣ್ಣು ಹಾಯಿಸಿದರು.

"ಮತ್ತ ಅಷ್ಟೂ ಡಬ್ಬಿ ಎಲ್ಲಿ ಇಡ್ತಿ?"