ಸರೋಜಕ್ಕನ ಕಾರಿಗೆ ಲಾರಿ ಬುದ್ಧಿ

ಗೇರ್ ಆಯಿಲ್ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಹಳೆಯದಾದಷ್ಟೂ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಕೈಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಒಂದು ಮಾರು ದೂರ ನಿಂತು ಬಡಿಸುತ್ತಿದ್ದಳು. ನಿನ್ನೆ ಮಧ್ಯಾಹ್ನ ಹೊಸಕೋಟೆಯ ನನ್ನ ಗ್ಯಾರೇಜಿನಲ್ಲಿ ಒಂದು ಟೆಂಪೋದ ಹೌಸಿಂಗ್ ಬಿಚ್ಚಿ ಎಣ್ಣೆ ಇಳಿಸುತ್ತಿದ್ದೆ. ಹೌಸಿಂಗ್ ಎಂದರೆ, ಹಿಂದಿನ ಎರಡು ಚಕ್ರಗಳ ನಡುವೆ ಮಡಕೆಯಂತೆ ಉಬ್ಬಿಕೊಂಡಿರುತ್ತದಲ್ಲ, ಅದು. ವಾಸನೆ ಮೂಗಿಗೆ ಬಡಿದ ಕೂಡಲೇ ಬೂದಿಗೆರೆಯ ಸರೋಜಕ್ಕ ನೆನಪಾದರು. ಹೆಂಗಸೊಬ್ಬರನ್ನು ನೆನೆಯಲು ಇದು ತಕ್ಕ ವಾಸನೆಯಲ್ಲ ಎಂದು ನನಗೂ ಗೊತ್ತು. ಏನು ಮಾಡಲಿ, ಅವರ ಪರಿಚಯವಾದದ್ದೇ ಒಂದು ಹೌಸಿಂಗಿನಿಂದ.

ಸರೋಜಕ್ಕನದು ದ್ರಾಕ್ಷಿ ತೋಟ, ನಾಲ್ಕು ಸೀಮೆಹಸು. ಟ್ರ್ಯಾಕ್ಟರ್ ಓಡಿಸುವುದರಲ್ಲಿ ಊರಿನ ಯಾವ ಗಂಡಸಿಗೂ ಕಡಿಮೆಯಿಲ್ಲ. ಮನೆತನದ ಜಮೀನಿನಲ್ಲಿ ಒಂದು ಭಾಗ ಲೇಔಟಿಗೆ ಹೋದಾಗ ಉಳಿದವರೆಲ್ಲ ಮಹಡಿ ಎಬ್ಬಿಸಿದರು. ಇವರು ಮಾತ್ರ ತಮ್ಮ ಪಾಲಿಗೆ ಬಂದ ಹಣದಲ್ಲಿ, ಬೆಂಗಳೂರಿನ ಯಾರೋ ಶೋಕಿಗಾರ ಮಾರಿದ ಹಳೆಯ ಸ್ಪೋರ್ಟ್ಸ್ ಕಾರು ಕೊಂಡುಕೊಂಡರು. ಕೆಂಪು ಬಣ್ಣ, ಎರಡೇ ಸೀಟು, ಒಳಗೆ ಕೂತು ಕೈ ಚಾಚಿದರೆ ರಸ್ತೆ ಸಿಗುವಷ್ಟು ತಗ್ಗು. ಹಾಲಿನ ಡೈರಿಯ ಮುಂದೆ ಯಾವನೋ ಕೇಳಿದನಂತೆ, "ಕ್ಯಾನ್ ಎಲ್ಲಿಡ್ತೀಯಕ್ಕಾ?" ಅಂತ.

"ಪಕ್ಕದ ಸೀಟಲ್ಲಿ ಕಣೋ. ನಿಮ್ಮ ಭಾವನಿಗಿಂತ ಕಮ್ಮಿ ಮಾತಾಡ್ತದೆ" ಎಂದರಂತೆ.

ಆ ಕಾಲಕ್ಕೆ ದಾಬಸ್‌ಪೇಟೆ ಕಡೆ, ಫ್ಯಾಕ್ಟರಿಗಳಿಗೆಂದು ಹಾಕಿ ಇನ್ನೂ ಲಾರಿ ಬಿಡದ ಒಂದು ನೇರ ರಸ್ತೆ ಇತ್ತು. ಕಾರಿನ ಹುಚ್ಚಿನವರು ಕೆಲವರು ಅನುಮತಿ ತೆಗೆದುಕೊಂಡು ವರ್ಷಕ್ಕೊಮ್ಮೆ ಅಲ್ಲಿ ಕಾಲು ಮೈಲಿ ಓಟ ನಡೆಸುತ್ತಿದ್ದರು. ಎರಡು ಕಾರು ಜೊತೆಯಲ್ಲಿ ಹೊರಡಬೇಕು, ಮೊದಲು ಗೆರೆ ದಾಟಿದವರು ಗೆದ್ದ ಹಾಗೆ. ಸರೋಜಕ್ಕ ಎರಡು ವರ್ಷ ಒಂದೇ ನೀಲಿ ಕಾರಿನ ಹಿಂದೆ ಎರಡನೆಯವರಾಗಿದ್ದರು. ಮೂರನೇ ವರ್ಷ ಹೇಗಾದರೂ ಮೊದಲು ಬರಬೇಕು ಎಂದು ನನ್ನಲ್ಲಿಗೆ ಬಂದರು. ಗಾಡಿ ಹೊರಡುವಾಗಲೇ ಹಿಂದೆ ಬೀಳುತ್ತದೆ, ಎಳೆತ ಸಾಲದು ಎಂಬುದು ಅವರ ದೂರು.

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಸ್ವಲ್ಪ ಜಂಬವೇ ಇದೆ. ಭಾಗಾಕಾರ ಬರಲಿಲ್ಲವೆಂದು ಬೆಂಚಿನ ಮೇಲೆ ನಿಂತವನು, ಗ್ಯಾರೇಜಿಗೆ ಬಂದು ಗೇರಿನ ಹಲ್ಲು ಎಣಿಸಿ ಎಣಿಸಿಯೇ ಭಾಗಾಕಾರ ಕಲಿತೆ. ಸರೋಜಕ್ಕನ ಕಾರಿನ ಹೌಸಿಂಗಿನಲ್ಲಿ ಚಿಕ್ಕ ಚಕ್ರ, ಅಂದರೆ ಪಿನಿಯನ್ನಿಗೆ, ಹತ್ತು ಹಲ್ಲು. ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನಿಗೆ ಮೂವತ್ತೊಂಬತ್ತು. ಪಿನಿಯನ್ ಹೆಚ್ಚುಕಡಿಮೆ ನಾಲ್ಕು ಸುತ್ತು ಸುತ್ತಿದರೆ ಕಾರಿನ ಚಕ್ರ ಒಂದು ಸುತ್ತು. ಆ ನಾಲ್ಕನ್ನು ಐದು ಮಾಡಿದರೆ ಓಟದ ವೇಗ ತಗ್ಗುತ್ತದೆ, ಎಳೆತ ಹೆಚ್ಚುತ್ತದೆ. ಕೆಸರಿನಲ್ಲಿ ಹೂತ ಟ್ರೇಲರನ್ನು ಟ್ರ್ಯಾಕ್ಟರ್ ಲೋ ಗೇರಿನಲ್ಲಿ ಎಳೆಯುವುದನ್ನು ನೋಡಿದ್ದರೆ ನಿಮಗೆ ಇಷ್ಟು ವಿದ್ಯೆ ಸಾಕು. ನನಗೂ ಅಷ್ಟೇ ಇದ್ದದ್ದು.

ಅದೇ ಕಂಪನಿಯ ಹಳೆಯ ಸಾಮಾನು ಗಾಡಿಯೊಂದಕ್ಕೆ ಅದೇ ಅಳತೆಯ ಹೌಸಿಂಗ್, ಐದಕ್ಕೆ ಹತ್ತಿರದ ಪಿನಿಯನ್-ಕ್ರೌನ್ ಜೋಡಿ. ಗುಜರಿಯಲ್ಲಿ ಹುಡುಕಿ ತಂದೆ. ಸರೋಜಕ್ಕ ಆ ಕ್ರೌನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇದು ಜಾಸ್ತಿಯಾಗುವುದಿಲ್ಲವೇ, ನಾಲ್ಕೂಕಾಲರ ಹತ್ತಿರ ಇದ್ದರೆ ಸಾಲದೇ ಎಂದು ಕೇಳಿದರು.

"ಎಳೆತ ಎಷ್ಟಿದ್ರೂ ಜಾಸ್ತಿ ಆಗಲ್ಲ ಅಕ್ಕ" ಎಂದೆ. "ಮೂವತ್ತು ವರ್ಷದಿಂದ ಲಾರಿ ನೋಡ್ತಿದೀನಿ."

ಕೆಲಸವನ್ನೇನೋ ಚೊಕ್ಕವಾಗಿ ಮಾಡಿದೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಅಚ್ಚು ಎಲ್ಲಿ ಬೀಳುತ್ತದೆಂದು ನೋಡಿ, ಹಲ್ಲಿಗೆ ಹಲ್ಲು ಸರಿಯಾಗಿ ಕೂರುವ ತನಕ ಕಾಗದದಷ್ಟು ತೆಳುವಾದ ಬಿಲ್ಲೆಗಳನ್ನು ಹಾಕಿ ತೆಗೆದು ಎಂಟು ದಿನ ಕೂತೆ. ಆಮೇಲೆ ಹಳೇ ಮದ್ರಾಸ್ ರಸ್ತೆಗೆ ತೆಗೆದುಕೊಂಡು ಹೋಗಿ, ನಿಂತಲ್ಲಿಂದ ಎತ್ತಿದರೆ ಗಾಡಿ ಬೆನ್ನಿಗೆ ಗುದ್ದಿದ ಹಾಗೆ ಹಾರಿತು. ಆ ದಟ್ಟಣೆಯಲ್ಲಿ ಎರಡನೇ ಗೇರಿನ ಆಚೆಗೆ ಹೋಗಲು ಜಾಗವಿರಲಿಲ್ಲ. ಬೇಕೆಂದೂ ನನಗೆ ಅನ್ನಿಸಲಿಲ್ಲ.

ಓಟದ ದಿನ ಸರೋಜಕ್ಕ ನೀಲಿ ಕಾರನ್ನು ಹೊರಡುವಾಗಲೇ ಹಿಂದೆ ಹಾಕಿದರು. ನಾನು ಗೆರೆಯ ಬಳಿ ನಿಂತು ಪಕ್ಕದವನಿಗೆ ನಮ್ಮ ಗ್ಯಾರೇಜಿನ ವಿಳಾಸ ಹೇಳುತ್ತಿದ್ದೆ. ಇನ್ನೇನು ಬಂದೇ ಬಿಟ್ಟರು ಎನ್ನುವಾಗ ಕೆಂಪು ಕಾರು ಒಮ್ಮೆ ಉಸಿರು ಬಿಟ್ಟ ಹಾಗಾಯಿತು. ನೀಲಿ ಕಾರು ಪಕ್ಕದಿಂದ ನುಸುಳಿ ಮೊದಲು ದಾಟಿತು. ಹಿಂದಿನ ಎರಡು ವರ್ಷಕ್ಕಿಂತ ಹೆಚ್ಚು ಅಂತರದಲ್ಲಿ ಸೋತಿದ್ದರು.

ಹತ್ತಾರು ಜನ ನನ್ನ ಮುಖ ನೋಡುತ್ತಿದ್ದರು. "ಗಾಡೀಲಿ ಏನೂ ತೊಂದ್ರೆ ಇಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಓಡಿಸೋರ ಕಾಲು ಸರಿ ಇಲ್ಲ."

ಸರೋಜಕ್ಕ ಹೆಲ್ಮೆಟ್ ತೆಗೆಯುತ್ತಿದ್ದವರು ಕೇಳಿಸಿಕೊಂಡರು. ಓಟ ಮುಗಿದು ರಸ್ತೆ ಖಾಲಿಯಾದ ಮೇಲೆ ಪಕ್ಕದ ಬಾಗಿಲು ತೆರೆದು, "ಬಾ ಅಣ್ಣ, ಕೂತ್ಕೋ" ಎಂದರು. ಹಾಲಿನ ಕ್ಯಾನಿನ ಜಾಗದಲ್ಲಿ ಕೂತೆ. ಓಟದಲ್ಲಿ ಓಡಿಸಿದ ಹಾಗೆಯೇ ಓಡಿಸಿದರು. ಒಂದು, ಎರಡು, ಮೂರು, ಹಾರುತ್ತಲೇ ಇತ್ತು. ಗೆರೆಗೆ ಇನ್ನೂ ಐವತ್ತು ಗಜ ಇರುವಾಗ ಮೂರನೇ ಗೇರ್ ಮುಗಿದುಹೋಯಿತು. ಎಂಜಿನ್ ಇನ್ನು ಸುತ್ತಲಾರೆ ಎಂದು ಕಿರುಚುತ್ತಿತ್ತು. ಬೇರೆ ದಾರಿಯಿಲ್ಲದೆ ನಾಲ್ಕಕ್ಕೆ ಹಾಕಿದರು. ಗಾಡಿ ಮಂಕಾಯಿತು, ಗೆರೆ ದಾಟಿತು.

ಹಳೆಯ ಹಲ್ಲಿನಲ್ಲಿ ಮೂರನೇ ಗೇರೇ ಗೆರೆಯವರೆಗೂ ಬರುತ್ತಿತ್ತು. ಲಾರಿಗೆ ಘಾಟಿ ಹತ್ತಿದರೆ ಸಾಕು, ಗೆರೆ ಎಂಬುದಿಲ್ಲ. ಈ ಕಾರಿಗೆ ಇದ್ದದ್ದು ಕಾಲು ಮೈಲಿ ಮಾತ್ರ. ಎಷ್ಟು ಎಳೆತ ಬೇಕು ಎಂಬುದನ್ನು ಆ ದೂರಕ್ಕೆ ಹೊಂದಿಸಿಕೊಳ್ಳಬೇಕಿತ್ತು. ಅಕ್ಕ ಮೊದಲೇ ಕೇಳಿದ್ದೂ ಅದನ್ನೇ. ಎಲ್ಲವೂ ಅರ್ಥವಾಯಿತು. ಆದರೆ ತಪ್ಪು ನನ್ನದೆನ್ನಲು ಬಾಯಿ ಬರಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ, ಹೌಸಿಂಗಿನಲ್ಲಿ ಏನೋ ಸದ್ದು ಕೇಳಿದ ಹಾಗಿತ್ತು, ಬೇರೆ ಜೋಡಿ ಹಾಕಿಬಿಡೋಣ ಎಂದು ಸುಳ್ಳು ಹೇಳಿದೆ. ಸದ್ದಿರಲಿಲ್ಲ. ನಾಲ್ಕೂಕಾಲರ ಹತ್ತಿರದ ಜೋಡಿ ಹಾಕಿದೆ. ಅವರು ಯಾವ ಸದ್ದು ಎಂದು ಕೇಳಲಿಲ್ಲ.

ಮುಂದಿನ ವರ್ಷ ಕಾರು ಹೇಗೆ ಓಡಬೇಕೋ ಹಾಗೆ ಓಡಿತು. ಆದರೂ ನೀಲಿ ಕಾರು ಒಂದು ಗೇಣು ಮುಂದೆ ದಾಟಿತು. ಅದೇ ಜನ ಅದೇ ಜಾಗದಲ್ಲಿ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಸರೋಜಕ್ಕ ಕಾರಿನಿಂದಿಳಿದು ಹೇಳಿದರು: "ಗಾಡಿ ಗೆಲ್ಲೋ ಹಂಗೇ ಇತ್ತು. ಎರಡರಿಂದ ಮೂರಕ್ಕೆ ಹಾಕೋವಾಗ ನನ್ನ ಕೈ ತಡವರಿಸ್ತು. ತಪ್ಪು ನಂದೇ." ಅಷ್ಟು ಹೇಳಿ ನೀರು ಕುಡಿಯಲು ಹೋದರು. ಇಷ್ಟು ಚಿಕ್ಕ ಮಾತು, ಇಷ್ಟು ಸಲೀಸಾಗಿ ಆಡಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಾನು ಆಡಲಿಲ್ಲ.

ಆಮೇಲೆ ಆ ರಸ್ತೆಗೆ ಲಾರಿ ಬಿಟ್ಟರು, ಓಟ ನಿಂತಿತು. ಸರೋಜಕ್ಕ ಮೊದಲು ಬರಬಹುದಾಗಿದ್ದ ವರ್ಷ ಎರಡೇ ಎರಡಿದ್ದವು. ಅದರಲ್ಲಿ ಒಂದನ್ನು ನನ್ನ ಲಾರಿ ಬುದ್ಧಿ ತಿಂದಿತ್ತು. ಆರು ವರ್ಷದಿಂದ ಇದನ್ನು ಒಳಗಿಟ್ಟುಕೊಂಡೇ ಬಂದವರಿಗೆಲ್ಲ ಗೇರಿನ ಪಾಠ ಹೇಳುತ್ತಿದ್ದೇನೆ.

ನಿನ್ನೆ ಟೆಂಪೋದ ಕೆಲಸ ಅರ್ಧಕ್ಕೆ ಬಿಟ್ಟು ಕೈ ಒರೆಸಿಕೊಂಡು ಫೋನ್ ಮಾಡಿದೆ. ಕ್ಷೇಮ ಸಮಾಚಾರ, ದ್ರಾಕ್ಷಿ, ಹಸು ಎಲ್ಲ ಆಯಿತು. ಇನ್ನು ಮಾತು ಉಳಿದಿರಲಿಲ್ಲ.

"ಅಕ್ಕ, ಅವತ್ತು ತಪ್ಪು ನಂದು. ನಿಮ್ಮ ಕಾಲಿಂದಲ್ಲ" ಎಂದೆ.

ಆ ಕಡೆ ಹಸುವೊಂದು ಕೂಗಿತು, ಅದನ್ನು ಗದರಿಸಿ ಮತ್ತೆ ಫೋನಿಗೆ ಬಂದರು.

"ಗೊತ್ತು ಕಣಣ್ಣ. ಅದಕ್ಕೇ ಪಕ್ಕದಲ್ಲಿ ಕೂರಿಸ್ಕೊಂಡಿದ್ದು" ಎಂದರು. ಆಮೇಲೆ, "ಭಾನುವಾರ ಗ್ಯಾರೇಜ್ ತೆಗ್ದಿರ್ತೀಯಾ? ಕ್ಲಚ್ ಜಾರ್ತಾ ಇದೆ."

ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಜಾರದೆ ಏನು ಮಾಡುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ತನ್ನಿ ಅಕ್ಕ. ಬಿಚ್ಚೋಕೆ ಮುಂಚೆ ನೀವು ಓಡ್ಸಿ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ" ಎಂದೆ.