ಜೇಡದ ಹೊಟ್ಟೆಯೊಳಗಿನ ನೊಣ

ಸಲೆಂತೊ ಸೀಮೆಯ ಆ ಊರಿನಲ್ಲಿ ಚೆಸಾರಿಯಾಳ ಬಾಯಿಗೆ ಹೆದರದವರು ಇರಲಿಲ್ಲ. ಅವಳ ಮನೆ ಮುಂದೆ ಬಂದರೆ ಪಾದ್ರಿಗಳೂ ಹೆಜ್ಜೆ ಚುರುಕು ಮಾಡುತ್ತಿದ್ದರು. ಗಂಡ ಸತ್ತ ಮೇಲೆ ಅವಳು ತಮ್ಮ ಬ್ರಿತ್ಸಿಯೊನ ಮನೆ ಸೇರಿ, ದಾರಕ್ಕೆ ಹೊಗೆಸೊಪ್ಪು ಪೋಣಿಸುತ್ತಿದ್ದಳು. ಸತ್ತವನು ಎಂಥವನಿದ್ದ ಎಂದು ಯಾರಾದರೂ ಕೇಳಿದರೆ, "ಅವನ ಬೆಲ್ಟು ಇನ್ನೂ ಗೂಟದಲ್ಲಿದೆ, ಅದನ್ನೇ ಕೇಳಿ" ಎನ್ನುತ್ತಿದ್ದಳು.

ಆ ವರ್ಷ ಗೋಧಿ ಕೊಯ್ಲಿನಲ್ಲಿ ಬ್ರಿತ್ಸಿಯೊನ ಮಗಳು ವೀತಾಳಿಗೆ ಜೇಡ ಕಚ್ಚಿತು. ಕಚ್ಚಿತೋ, ಅವಳೇ ಕಚ್ಚಿಸಿಕೊಂಡಳೋ! ಜಮೀನ್ದಾರರ ಪಾರುಪತ್ಯಗಾರ ಇಪ್ಪಾತ್ಸಿಯೊಗೆ ಅವಳನ್ನು ಕೊಡುವುದೆಂದು ಆಗಷ್ಟೇ ಮಾತಾಗಿತ್ತು. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ ಮಹಾನುಭಾವ ಅವನು. ಒಳ್ಳೆಯ ಹೊಲ ಗೇಣಿಗೆ ಸಿಗುತ್ತದೆಂದು ಅಪ್ಪ ಹಲ್ಲು ಕಿರಿದು ಒಪ್ಪಿದ್ದ. ವೀತಾ ನೆಲದ ಮೇಲೆ ಹೊರಳಾಡಿದಳು, ಕಿರುಚಿದಳು. ಕಚ್ಚಿದ ಜೇಡವನ್ನು ಹಿಡಿದು ಸೀಸೆಗೆ ಹಾಕಿ ಮಂಚದ ಪಕ್ಕ ಇಟ್ಟರು. ಊರವರ ನಂಬಿಕೆಯಂತೆ, ಅದು ತಾನಾಗಿ ಸಾಯುವವರೆಗೆ ಹುಡುಗಿಯ ಮೈಯಲ್ಲಿ ವಿಷ ಇರುತ್ತದೆ, ಮದುವೆಯ ಮಾತೆತ್ತುವಂತಿಲ್ಲ. ಕೈಯಾರೆ ಕೊಂದರೆ ಆ ವಿಷ ಕೊಂದವರಿಗೇ ಏರುತ್ತದೆ.

ವಿಷ ಇರುವಷ್ಟು ಕಾಲ ವರ್ಷ ವರ್ಷವೂ ಊರವರ ಮುಂದೆ ಕುಣಿದು ಅದನ್ನು ಇಳಿಸಿಕೊಳ್ಳಬೇಕು. ಪಿಟೀಲು ಬಾರಿಸಿ ಹುಡುಗಿಯನ್ನು ಕುಣಿಸಲು ಕ್ಷೌರದ ಪಾಂತಲೇಯೊ ಬಂದ. ಬಾರಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು.

"ಏನಯ್ಯಾ, ನಿನ್ನ ಪಿಟೀಲಿಗೂ ಹೊಟ್ಟೆ ಇದೆಯಾ?" ಎಂದಳು ಚೆಸಾರಿಯಾ. "ಪಾಸ್ತಾ ಮೂರನೇ ಸಲ ಹಾಕಿಸ್ಕೊತಾ ಇದ್ದೀಯಲ್ಲ!"

"ವಿಷ ಇಳಿಸೋದು ಸುಮ್ನೆ ಅಂದ್ಕೊಂಡ್ಯಾ ಅಕ್ಕಾ?"

"ವಿಷ ಇಳಿದದ್ದು ಕಾಣೆ. ಹೂಜಿಯಲ್ಲಿ ವೈನು ಇಳಿದದ್ದು ಮಾತ್ರ ಚೆನ್ನಾಗಿ ಕಾಣ್ತಾ ಇದೆ."

ಜೇಡಕ್ಕೆ ಮಿಡತೆ ಹಿಡಿದು ಹಾಕುತ್ತಿದ್ದವಳೂ ಅವಳೇ. "ತಿನ್ನು ಮುಂಡೇದೇ, ತಿನ್ನು. ಸತ್ತುಗಿತ್ತು ಹೋದೀಯಾ ಮತ್ತೆ!" ಎಂದು ಬೈದು ಬೈದೇ ಸಾಕಿದಳು. ಜೇಡದ ಹೊಟ್ಟೆ ಗುಂಡಗೆ ಊದಿದ್ದು ಕಂಡು ಅವಳಿಗೆ ಧೈರ್ಯ ಬಂತು. ಪಾಪ, ಆ ಹೊಟ್ಟೆಯೊಳಗೆ ಕೂತು ಉಣ್ಣುತ್ತಿದ್ದವನು ಬೇರೆಯೇ ಎಂದು ಅವಳಿಗೇನು ಗೊತ್ತು?

ಒಂದು ಬೆಳಿಗ್ಗೆ ಜೇಡ ಮಿಡತೆ ಮುಟ್ಟಲಿಲ್ಲ. ಸುತ್ತ ನೂಲು ನೇಯ್ದುಕೊಂಡು ಕೂತಿತು. ಮಾರನೆಯ ದಿನ ಅದರ ಹೊಟ್ಟೆ ಸೀಳಿಕೊಂಡು ಬಿಳಿ ಹುಳುವೊಂದು ಹೊರಬಂತು. ಜೇಡ ಬರೀ ಸಿಪ್ಪೆಯಾಗಿ ಬಿದ್ದಿತು. "ಸತ್ತಿತು! ಮಗಳು ಗುಣವಾದಳು!" ಎಂದು ಬ್ರಿತ್ಸಿಯೊ ಪಾರುಪತ್ಯಗಾರನಿಗೆ ಹೇಳಿಕಳಿಸಿದ. ವೀತಾ ಗೋಡೆಗೆ ಮುಖ ಮಾಡಿ ಮಲಗಿದಳು.

ಹುಳು ಸೀಸೆಯಲ್ಲೇ ಗಟ್ಟಿ ಪೊರೆ ಕಟ್ಟಿಕೊಂಡು ಬಿದ್ದುಕೊಂಡಿತ್ತು. ಮುಟ್ಟುವ ಧೈರ್ಯ ಯಾರಿಗಿತ್ತು? ಇಪ್ಪಾತ್ಸಿಯೊ ಉಂಗುರ ತರುವ ಹೊತ್ತಿಗೆ ಪೊರೆ ಒಡೆದು ನೊಣವೊಂದು ಕೂತಿತ್ತು. ಗೂನು ಬೆನ್ನು, ಊದಿದ ಹೊಟ್ಟೆ, ಸಾಸಿವೆಯಷ್ಟು ತಲೆ. ಚೆಸಾರಿಯಾ ಸೀಸೆಯನ್ನು ತಂದು ಮದುಮಗನ ಮೂಗಿನ ಕೆಳಗೆ ಹಿಡಿದಳು.

"ನೋಡಿ ಯಜಮಾನರೇ, ಜೇಡದ ವಿಷಾನೆಲ್ಲ ಕುಡಿದು ಇದು ಜೀವಂತ ಕೂತಿದೆ."

"ಹಾಗಾದ್ರೆ ಕೊಲ್ಲಿ ಅದನ್ನ!"

"ನೀವೇ ಕೊಲ್ಲಿ. ಮದುವೆ ಗಂಡು ನೀವಲ್ವೇ? ಹಾಕಿ ಕೈ!"

ಹೊಲದಾಳುಗಳ ಮೇಲೆ ಕೋಲು ಬೀಸುವ ಆ ಶೂರ ಹಿಂದೆ ಹಿಂದೆ ಸರಿದು ಬಾಗಿಲಿಗೆ ತಾಗಿ ನಿಂತ.

"ಅಕ್ಕಾ, ಬಾಯಿ ಮುಚ್ಚು!" ಎಂದ ಬ್ರಿತ್ಸಿಯೊ.

"ನೀನಾದ್ರೂ ಕೊಲ್ಲಪ್ಪಾ. ಹೊಲಕ್ಕೋಸ್ಕರ ಮಗಳನ್ನೇ ಮಾರೋನಿಗೆ ಒಂದು ನೊಣ ದೊಡ್ಡದಾ?"

ಅವನೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಉಂಗುರದ ಊಟಕ್ಕೆಂದು ಬಂದು ಕೂತಿದ್ದ ಪಾಂತಲೇಯೊ, ಮುಂದಿನ ವರ್ಷಗಳ ಊಟವನ್ನೂ ನೆನೆದು, "ಅಕ್ಕ ಹೇಳೋದು ನಿಜ. ನೊಣ ಇರೋವರೆಗೂ ವಿಷ ಇರುತ್ತೆ" ಎಂದು ಗಂಭೀರವಾಗಿ ತಲೆಯಾಡಿಸಿದ.

ಚೆಸಾರಿಯಾ ಕಿಟಕಿಗೆ ಹೋಗಿ ಸೀಸೆಯ ಬಾಯಿ ಬಿಚ್ಚಿದಳು. ನೊಣ ಗುಂಯ್ ಎಂದು ಆಲಿವ್ ಮರಗಳ ಕಡೆ ಹಾರಿಹೋಯಿತು. ಅದು ಸತ್ತರೂ ಇನ್ನು ಹೆಣ ತಂದು ತೋರಿಸುವವರು ಯಾರು? ಇಪ್ಪಾತ್ಸಿಯೊ ಉಂಗುರ ಜೇಬಿಗಿಳಿಸಿಕೊಂಡು ಹೋದವನು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಹೊಲವೂ ಕೈತಪ್ಪಿತು.

ಸಂಜೆ ಅತ್ತೆಯ ಪಕ್ಕ ಕೂತು ಹೊಗೆಸೊಪ್ಪು ಪೋಣಿಸುತ್ತಿದ್ದ ವೀತಾ ಅಳತೊಡಗಿದಳು. "ಅತ್ತೆ, ಇನ್ನು ವರ್ಷಾ ವರ್ಷಾ ನಾನು ಊರವರ ಮುಂದೆ ಕುಣೀಬೇಕಲ್ವಾ? ನನ್ನನ್ನ ಯಾರೂ ಮದುವೆ ಆಗಲ್ಲ ಅಲ್ವಾ?"

"ಕುಣಿಯೇ, ಏನೀಗ?" ಎಂದಳು ಚೆಸಾರಿಯಾ, ಸೂಜಿಯಿಂದ ಕಣ್ಣೆತ್ತದೆ. "ನಿನ್ನ ವಯಸ್ಸಲ್ಲಿ ನನಗೂ ಕಚ್ಚಿತ್ತು ಕಣೆ. ನನ್ನ ಜೇಡ ನಾಲ್ಕೇ ದಿನಕ್ಕೆ ಸತ್ತುಹೋಯ್ತು."